ಕೊಟ್ಟಾಗಿದೆ

"ಕೊಟ್ಟಾಗಿದೆ ಅಂತ ತೋರಿಸ್ತಾ ಇದೆ," ಅಂದ ಮೇಜಿನ ಆಚೆಯವನು.

ಅವಳು ಕೇಳಿಕೊಂಡು ಬಂದ ಮೂರನೆಯ ದಾನದ ಸಂಸ್ಥೆ ಇದು. ಮೇಜಿನ ಆಚೆ ಕೂತವರ ಮುಖ ಬೇರೆ ಬೇರೆ, ಮಾತು ಮಾತ್ರ ಒಬ್ಬರೇ ಬಾಯಿಪಾಠ ಮಾಡಿಸಿದ ಹಾಗೆ ಒಂದೇ. ದೊಡ್ಡಬುಟ್ಟಿ ಎಂದು ಎಲ್ಲರೂ ಕರೆಯುವ ಹೆಂಗಸು ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ಒಳಗೆ ಬಿಳಿಯ ನೆಲ. ಅವಳ ಪಾದದ ಬಿರುಕಿನಲ್ಲೆಲ್ಲ ಜಲ್ಲಿಯ ದೂಳು. ಒಳಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಅವಳು ಒಂದು ಹೆಜ್ಜೆ ಇಟ್ಟಾಗ ನೆಲ ಒರೆಸುವ ಹೆಂಗಸು ಬಟ್ಟೆ ಹಿಡಿದು ಎದ್ದು ನಿಂತಿದ್ದಳು. ಅಷ್ಟು ಸಾಕಾಗಿತ್ತು.

"ಕೊಟ್ಟಿದ್ದು ನಿಜ ಸಾರ್. ಮೂರನೇ ದಿನ ತಗೊಂಡು ಹೋದರು."

"ತಗೊಂಡು ಹೋಗಿದ್ದು ಇದರಲ್ಲಿ ಇಲ್ವಲ್ಲ."

"ಇಲ್ಲ ಅಂತಲೇ ಬಂದಿದೀನಿ. ಬರ್ಕೊಳ್ಳಿ."

"ನಾವು ನೋಡಬಹುದು ಅಷ್ಟೇಮ್ಮ. ಯಾವ ಸಂಸ್ಥೆಯವರು ಹಾಕಿದಾರೋ ಅವರೇ ತಿದ್ದಬೇಕು. ಇನ್ನೊಂದು ಉಸಿರಿನ ಮಿಷನ್ ಕೊಡೋಕೆ ನಾವು ಹೋದರೂ ಈ ವೆಬ್‌ಸೈಟ್ ಬಿಡಲ್ಲ. ನಿಮ್ಮ ಯಜಮಾನರ ಹೆಸರಿನ ಮುಂದೆ ಹಸಿರು ಬಂದಿದೆ."

ಆ ಕಡೆಯ ದಾನದ ಸಂಸ್ಥೆಗಳೆಲ್ಲ ಸೇರಿ ಒಂದು ವೆಬ್‌ಸೈಟು ಮಾಡಿಕೊಂಡಿದ್ದವು. ಯಾರಿಗೆ ಏನು ಬೇಕು, ಯಾರು ಯಾರಿಗೆ ಏನು ಕೊಟ್ಟರು, ಎಲ್ಲ ಅದರಲ್ಲಿರುತ್ತಿತ್ತು. ಒಂದು ಸಂಸ್ಥೆ ಬರೆದದ್ದನ್ನು ಉಳಿದ ಸಂಸ್ಥೆಗಳೆಲ್ಲ ಓದಬಹುದು. ಒಬ್ಬನೇ ಬಡವ ಎರಡು ಕಡೆ ಕೈಯೊಡ್ಡಿ ಎರಡು ಸಲ ಪಡೆಯಬಾರದು, ಅದಕ್ಕೆ ಈ ಏರ್ಪಾಡು. ಕೊಟ್ಟವರು ಎರಡು ಕಡೆ ಸುಳ್ಳು ಹೇಳಿದರೆ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಏರ್ಪಾಡಿರಲಿಲ್ಲ.

"ಏನು ಬರೆದಿದಾರೆ ಅಂತ ನಾನೂ ಒಂದು ಸಲ ನೋಡ್ತೀನಿ, ಈ ಕಡೆ ತಿರುಗಿಸಿ," ಅಂದಳು.

ಅವನು ಕಂಪ್ಯೂಟರಿನ ತೆರೆಯನ್ನು ಇನ್ನಷ್ಟು ತನ್ನ ಕಡೆಗೇ ತಿರುಗಿಸಿಕೊಂಡ. "ಹಾಗೆಲ್ಲ ತೋರಿಸೋ ಹಾಗಿಲ್ಲ. ಇದು ಸಂಸ್ಥೆಗಳಿಗೆ ಮಾತ್ರ. ಜನರ ಖಾಸಗಿ ಮಾಹಿತಿ ಇರುತ್ತೆ."

"ಯಾರ ಮಾಹಿತಿ?"

"ಈಗ ತೆರೆದಿರೋದು ನಿಮ್ಮದೇ."

"ನಂದನ್ನ ನನ್ನಿಂದ ಮುಚ್ಚಿಡ್ತಾ ಇದೀರಾ?"

ಅವನಿಗೆ ನಗು ಬಂತು. ಒಳ್ಳೆಯವನೇ ಇರಬೇಕು, ನಕ್ಕದ್ದಕ್ಕೆ ನಾಚಿಕೊಂಡ. "ನಿಯಮ ಹಾಗಿದೆಮ್ಮ," ಎಂದು ತಲೆ ತಗ್ಗಿಸಿದ. ಅವಳು ಹೊರಗೆ ಬಂದಳು. ಹಿಂದಿನಿಂದ ನೆಲ ಒರೆಸುವ ಸದ್ದು ಕೇಳಿಸಿತು.

ಗಂಡ ಕಲ್ಲುಕುಟಿಗ. ಇಪ್ಪತ್ತೆರಡು ವರ್ಷ ಬಂಡೆಗೆ ಕುಳಿ ಕೊರೆದಿದ್ದ. ಕೊರೆಯುವಾಗ ಏಳುವ ಬಿಳಿಯ ದೂಳು ಮೊದಲು ತಲೆಗೂದಲಿಗೆ ಕೂರುತ್ತದೆ, ಆಮೇಲೆ ಹುಬ್ಬಿಗೆ, ಆಮೇಲೆ ಯಾರಿಗೂ ಕಾಣದ ಹಾಗೆ ಎದೆಯೊಳಗೆ. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇವನೊಳಗೇ ಒಂದು ಕ್ವಾರಿ ಇದೆಯಲ್ಲಮ್ಮ," ಅಂದಿದ್ದರು. ನಲವತ್ತಾರು ವರ್ಷದ ಆಳು. ಗೋಡೆಗೆ ಒರಗಿ, ಮೊಣಕಾಲು ಮಡಚಿ, ಬಾಯಿ ತೆರೆದುಕೊಂಡು ಕೂತಿರುತ್ತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೂತೇ ನಿದ್ದೆ, ಕೂತೇ ಊಟ. ಹಿತ್ತಲಿಗೆ ಹೋಗಬೇಕಾದಾಗ ಹೆಂಡತಿ ಎತ್ತಿಕೊಂಡು ಹೋಗುತ್ತಿದ್ದಳು.

ಅವಳಿಗೆ ಅದು ಭಾರವಲ್ಲ. ಅವಳು ಜಲ್ಲಿ ಹೊರುವ ಕ್ರಷರಿನಲ್ಲಿ ಹೆಂಗಸರಿಗೆ ಸಣ್ಣ ಬುಟ್ಟಿ, ಗಂಡಸರಿಗೆ ದೊಡ್ಡ ಬುಟ್ಟಿ. ಸಣ್ಣ ಬುಟ್ಟಿಗೆ ಸಣ್ಣ ಕೂಲಿ. ಬಂದ ಎರಡನೆಯ ವಾರವೇ ಅವಳು ಮೇಸ್ತ್ರಿಯ ಮುಂದೆ ಗಂಡಸರ ಬುಟ್ಟಿಯನ್ನು ಕಿತ್ತುಕೊಂಡು, ತುಂಬಿ, ತಲೆಯ ಸಿಂಬಿಯ ಮೇಲೆ ಇಟ್ಟುಕೊಂಡು ನಡೆದಿದ್ದಳು. ಕೂಲಿ ಏರಲಿಲ್ಲ. ಬುಟ್ಟಿ ಮಾತ್ರ ತಲೆಗೆ ಖಾಯಮ್ಮಾಯಿತು, ಅದರ ಜೊತೆಗೆ ಹೆಸರೂ. "ಏ ದೊಡ್ಡಬುಟ್ಟಿ" ಎಂದರೆ ಈಗ ಅವಳೇ ತಿರುಗಿ ನೋಡುತ್ತಾಳೆ.

"ನೀನು ಬುಟ್ಟಿಗಿಂತ ಹಗುರ ಮಾರಾಯ," ಎನ್ನುತ್ತಿದ್ದಳು ಗಂಡನನ್ನು ಎತ್ತಿಕೊಂಡಾಗ.

"ಹಾಗಾದ್ರೆ... ಕೂಲಿ ಕಮ್ಮಿ... ಕೇಳು," ಎನ್ನುತ್ತಿದ್ದ ಅವನು. ಮೂರು ಮಾತಿಗೆ ಮೂರು ಉಸಿರು.

ವರ್ಷದ ಹಿಂದೆ ಬಿಳಿಯ ವ್ಯಾನೊಂದು ಕ್ರಷರಿನ ಕೆಳಗಿನ ತಗಡಿನ ಸಾಲುಮನೆಗಳ ಮುಂದೆ ನಿಂತಿತ್ತು. ಇಳಿದವರು ಮೂರು ಜನ. ಮೇಡಂ, ಕ್ಯಾಮೆರಾದವನು, ಡ್ರೈವರು. ಒಳಗಿನಿಂದ ಒಂದು ಸಣ್ಣ ಟ್ರಂಕಿನಷ್ಟಿದ್ದ ಬಿಳಿಯ ಮಿಷನ್ನು ಇಳಿಸಿದರು. ಕರೆಂಟಿಗೆ ಹಾಕಿದರೆ ಗಾಳಿಯನ್ನು ಸೋಸಿ ಮೂಗಿಗೆ ಉಸಿರು ಕೊಡುತ್ತದೆ ಎಂದರು.

ಕೊಡುವ ಮುಂಚೆ ಒಂದು ಫೋಟೋ ಬೇಕಾಗಿತ್ತು. ಮೇಡಂ ಮೆತ್ತಗೆ ಹೇಳಿದಳು, "ಅಣ್ಣ, ಅಂಗಿ ಒಂದು ತೆಗೀತೀರಾ? ಪಕ್ಕೆಲುಬು ಕಾಣ್ಬೇಕು. ನೋಡಿದವರಿಗೆ ಕನಿಕರ ಹುಟ್ಟಬೇಕಲ್ವಾ."

ಅಂಗಿ ತೆಗೆಯಲು ಅವನಿಗೆ ಆಗಲಿಲ್ಲ. ಹೆಂಡತಿ ತೆಗೆದಳು. ಹೆಂಡತಿಯೂ ಪಕ್ಕದಲ್ಲಿ ಕೂರಬೇಕೆಂದರು. "ಅಕ್ಕ, ನಗಬೇಡಿ. ನಗೋದು ಎರಡನೇ ಫೋಟೋದಲ್ಲಿ." ಎರಡನೆಯದರಲ್ಲಿ ಅಂಗಿ ಹಾಕಿಸಿ, ಮೂಗಿಗೆ ಪೈಪು ಇಟ್ಟು, ಮಿಷನ್ನನ್ನು ತೊಡೆಯ ಪಕ್ಕಕ್ಕೆ ಸರಿಸಿದರು. ಈಗ ನಗಿ ಎಂದರು. ಅವನು ನಕ್ಕ. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಟು ತಿಂಗಳಾದ ಮೇಲೆ ಮೊದಲ ಬಾರಿ ಅವನ ಎದೆಯ ತಳದವರೆಗೆ ಗಾಳಿ ಇಳಿದಿತ್ತು.

ಆ ದಿನ ಅವನು ನೆಲಕ್ಕೆ ಬೆನ್ನು ಹಚ್ಚಿ ಮಲಗಿದ. ಎಂಟು ತಿಂಗಳ ನಿದ್ದೆ ಒಂದೇ ಸಲ ಮಾಡಿದ. ಎದ್ದವನೇ ಹಸಿವು ಎಂದ. ಎರಡನೆಯ ದಿನ ಹೆಂಡತಿ ಕೆಲಸದಿಂದ ಬಂದಾಗ ಮಿಷನ್ನನ್ನು ಮಗ್ಗುಲಿಗೆ ತಿರುಗಿಸಿಕೊಂಡು ಮೊಳೆಯಲ್ಲಿ ಏನೋ ಕೆರೆಯುತ್ತಿದ್ದ.

"ಏನು ಮಾಡ್ತಿದೀಯ? ಹೊಸಾ ಸಾಮಾನು!"

"ಗುರುತು ಹಾಕ್ತಿದೀನಿ."

ಕಲ್ಲುಕುಟಿಗರು ಮನೆಗೆ ಬಂದ ಸಾಮಾನಿಗೆಲ್ಲ ಗುರುತು ಹಾಕುತ್ತಾರೆ. ಉಳಿ, ಸುತ್ತಿಗೆಗಳೆಲ್ಲ ಸಾಣೆಗೆ ಕಮ್ಮಾರನ ಹತ್ತಿರ ಒಂದೇ ರಾಶಿಯಲ್ಲಿ ಹೋಗುತ್ತವೆ. ಗುರುತಿಲ್ಲದ ಉಳಿ ಯಾರದೂ ಅಲ್ಲ. ಇವನದು ಎರಡು ಓರೆ ಗೀಟು, ಕೆಳಗೊಂದು ಚುಕ್ಕಿ. ಚೊಂಬಿನ ಮೇಲೂ ಅದೇ, ಬಾಗಿಲ ಚೌಕಟ್ಟಿನ ಮೇಲೂ ಅದೇ. ಈಗ ಬಿಳಿಯ ಪ್ಲಾಸ್ಟಿಕ್ಕಿನ ಮೇಲೆ, ಗಾಳಿ ಬರುವ ಜಾಲರಿಯ ಪಕ್ಕದಲ್ಲಿ, ಹೆಬ್ಬೆರಳಿನಷ್ಟು.

"ಅವರು ನೋಡಿದ್ರೆ ಬೈಯಲ್ವಾ?"

"ಅವರ್ಯಾಕೆ ಬೈತಾರೆ? ಕೊಟ್ಟ ಮೇಲೆ ನಂದಲ್ವಾ?" ಒಂದೇ ಉಸಿರಿನಲ್ಲಿ ಹೇಳಿದ.

ಮೂರನೆಯ ದಿನ ಡ್ರೈವರ್ ಒಬ್ಬನೇ ಬಂದ. ಸರ್ವೀಸಿಗೆ ಬೇಕು, ಒಂದು ವಾರದಲ್ಲಿ ತಂದುಕೊಡ್ತೀವಿ ಎಂದ. ಬೆನ್ನು ನೋವು ಎಂದೂ ಹೇಳಿದ. ಮಿಷನ್ನನ್ನು ಎತ್ತಿ, ತಲೆಯ ಮೇಲೆ ಇಟ್ಟುಕೊಂಡು, ಏರು ಹತ್ತಿ ವ್ಯಾನಿನ ತನಕ ಹೊತ್ತವಳು ದೊಡ್ಡಬುಟ್ಟಿಯೇ. ಆಮೇಲಿನ ಹನ್ನೊಂದು ತಿಂಗಳು ಅವಳನ್ನು ಸುಟ್ಟದ್ದು ಬೇರೆ ಯಾವುದೂ ಅಲ್ಲ, ಇದು. ತಾನೇ ಹೊತ್ತು ಕೊಟ್ಟೆ. ಜೋಪಾನ ಅಂತ ಬೇರೆ ಹೇಳಿದೆ.

ಕೊಟ್ಟ ಸಂಸ್ಥೆಯ ಬಾಗಿಲಿಗೆ ನಾಲ್ಕು ಸಲ ಹೋದಳು. ಒಂದೊಂದು ಸಲಕ್ಕೂ ಒಂದು ದಿನದ ಕೆಲಸ ಬಿಡಬೇಕು. ಮೂರು ಸಲ ಮೇಡಂ ಸಿಗಲಿಲ್ಲ. ನಾಲ್ಕನೆಯ ಸಲ ಸಿಕ್ಕಳು. "ಅಕ್ಕ, ಇನ್ನೂ ಸರ್ವೀಸಿನಲ್ಲೇ ಇದೆ. ದೂರು ಇದ್ದರೆ ವೆಬ್‌ಸೈಟಲ್ಲಿ ಹಾಕಿ. ಎಲ್ಲ ಪಾರದರ್ಶಕ," ಎಂದಳು. ಹಾಗೆಂದರೇನು ಎಂದು ಕೇಳಿದ್ದಕ್ಕೆ, "ಮುಚ್ಚುಮರೆ ಇಲ್ಲ ಅಂತ," ಎಂದು ನಕ್ಕಳು.

ಅಕ್ಕನ ಮಗಳು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದಳು. ಇಬ್ಬರು ಮಕ್ಕಳ ತಾಯಿ, ಮಾತಿನಲ್ಲಿ ಯಾರಿಗೂ ಸೋಲದವಳು. ಅಂಗಡಿಗೆ ಜನ ಬರದ ಹೊತ್ತು ನೋಡಿಕೊಂಡು ವೆಬ್‌ಸೈಟು ತೆರೆದಳು. ದೂರಿನ ಗುಂಡಿ ಇತ್ತು. ಒತ್ತಿದರೆ ಸದಸ್ಯ ಸಂಸ್ಥೆಯ ಸಂಖ್ಯೆ ಕೇಳಿತು.

"ಚಿಕ್ಕಮ್ಮ, ನೀನೊಂದು ಸಂಸ್ಥೆ ಆಗ್ಬೇಕಂತೆ."

"ಆಗ್ತೀನಿ. ಏನು ಮಾಡ್ಬೇಕು?"

"ಮೊದಲು ಒಂದು ವ್ಯಾನ್ ತಗೋ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಬೀಗ ಹಾಕಿದ ಪುಟಗಳ ಪಕ್ಕದಲ್ಲಿ ಎಲ್ಲರಿಗೂ ತೆರೆದಿಟ್ಟ ಪುಟ ಒಂದಿತ್ತು. ದಾನ ಕೊಡುವವರು ನೋಡಲಿ ಎಂದು ಇಟ್ಟದ್ದು. "ಬೆಳಕು ಕಂಡ ಬದುಕುಗಳು" ಎಂದು ಅದರ ತಲೆಬರಹ. ಅಕ್ಕನ ಮಗಳು ಬೆರಳಿನಲ್ಲಿ ತಳ್ಳುತ್ತ ಹೋದಳು. ಫೋಟೋ ಮೇಲೆ ಫೋಟೋ. ಎಡಕ್ಕೆ ಮೊದಲು, ಬಲಕ್ಕೆ ಆಮೇಲೆ. ಒಂದು ಕಡೆ ನಿಂತುಬಿಟ್ಟಳು.

ಗಂಡನ ಬರಿಮೈ. ಪಕ್ಕೆಲುಬು. ಪಕ್ಕದಲ್ಲಿ ತಾನು, ನಗದೆ. ಕೆಳಗೆ ಊರು, ಕಾಯಿಲೆ, ವಯಸ್ಸು. ಕಂಪ್ಯೂಟರಿನವನು ಖಾಸಗಿ ಎಂದು ತನ್ನಿಂದ ಮುಚ್ಚಿಟ್ಟದ್ದು ಇಲ್ಲಿ ಲೋಕಕ್ಕೆಲ್ಲ ಬಟಾಬಯಲು. ಅಕ್ಕನ ಮಗಳು ಕೆಳಗಿನ ಸಾಲನ್ನು ಓದಿದಳು: "ಇಂದು ಇವರು ನೆಮ್ಮದಿಯಾಗಿ ಉಸಿರಾಡುತ್ತಿದ್ದಾರೆ. ನಿಮ್ಮಿಂದಾಗಿ."

"ಓದಬೇಡ," ಅಂದಳು ದೊಡ್ಡಬುಟ್ಟಿ. ಮರುಕ್ಷಣ, "ಇನ್ನೂ ಕೆಳಗೆ ತಳ್ಳು," ಅಂದಳು.

ಇನ್ನೊಬ್ಬ ಗಂಡಸು. ಬೇರೆ ಗೋಡೆ, ಅದೇ ಪಕ್ಕೆಲುಬು. ಆಮೇಲೆ ಅಂಗಿ, ಪೈಪು, ಮಿಷನ್ನು. ಮತ್ತೊಬ್ಬ. ಮತ್ತೊಬ್ಬ. ನಾಲ್ಕನೆಯವನ ಹತ್ತಿರ ಬಂದಾಗ ದೊಡ್ಡಬುಟ್ಟಿ ಅಕ್ಕನ ಮಗಳ ಮಣಿಕಟ್ಟು ಹಿಡಿದಳು.

"ದೊಡ್ಡದು ಮಾಡೋಕಾಗುತ್ತಾ? ಮುಖ ಅಲ್ಲ. ಮಿಷನ್ನು."

ಜಾಲರಿಯ ಪಕ್ಕದಲ್ಲಿ ಎರಡು ಓರೆ ಗೀಟು. ಕೆಳಗೊಂದು ಚುಕ್ಕಿ.

ಹಿಂದಕ್ಕೆ ಹೋದರು. ಎರಡನೆಯವನ ತೊಡೆಯ ಪಕ್ಕದಲ್ಲೂ ಅದೇ. ಮೂರನೆಯವನ ಹತ್ತಿರವೂ. ಮುಂದೆ ಹೋದರು. ಗಂಡನನ್ನು ಸೇರಿಸಿ ಹನ್ನೊಂದು ಮನೆ. ಹನ್ನೊಂದು ಜನರ ಮುಂದೆಯೂ ಹಸಿರು. ಹನ್ನೊಂದು ನಗು. ಒಂದೇ ಒಂದು ಮಿಷನ್ನು ಮೂರು ಮೂರು ದಿನಕ್ಕೆ ಮನೆಯಿಂದ ಮನೆಗೆ ಹೋಗಿ ನಗಿಸಿ ಬಂದಿತ್ತು. ಅಷ್ಟು ಜನಕ್ಕೂ ಇನ್ನು ಯಾರೂ ಏನೂ ಕೊಡದ ಹಾಗೆ ಬಾಗಿಲು ಹಾಕಿ ಬಂದಿತ್ತು.

"ಚಿಕ್ಕಪ್ಪ ಹಾಕಿದ್ದಾ ಇದು?"

ದೊಡ್ಡಬುಟ್ಟಿ ಆ ಚುಕ್ಕಿಯ ಮೇಲೆ ಬೆರಳಿಟ್ಟಳು. ತಲೆ ಆಡಿಸಿದಳು.

ಅಕ್ಕನ ಮಗಳು ಹನ್ನೊಂದನ್ನೂ ಅಚ್ಚು ಹಾಕಿದಳು. ನಿಯಮದ ಪುಟವನ್ನೂ ಓದಿದಳು. ಕೊಟ್ಟ ಒಂದು ವರ್ಷಕ್ಕೆ ಸಂಸ್ಥೆಯವರು ಮತ್ತೆ ಹೋಗಿ, ವಸ್ತು ಬಳಕೆಯಲ್ಲಿದೆ ಎಂದು ತೋರಿಸುವ ವಿಡಿಯೋ ಹಾಕಬೇಕು. ಹಾಕದಿದ್ದರೆ ಹಸಿರು ಹೋಗಿ ಹಳದಿ ಬರುತ್ತದೆ. ಹಳದಿ ಕಂಡರೆ ದಾನಿಗಳು ಬೇರೆ ಸಂಸ್ಥೆಯ ಕಡೆ ಹೋಗುತ್ತಾರೆ.

"ಬರ್ತಾರೆ ಚಿಕ್ಕಮ್ಮ. ಇನ್ನು ಎಂಟು ದಿನಕ್ಕೆ ವರ್ಷ ತುಂಬುತ್ತೆ. ಮಿಷನ್ ಹಿಡ್ಕೊಂಡೇ ಬರ್ತಾರೆ."

ಮಾರನೆಯ ದಿನ ಊಟದ ಹೊತ್ತಿನಲ್ಲಿ ಕ್ರಷರು ನಿಂತಾಗ ಅವಳು ಕಾಗದಗಳನ್ನು ಹೆಂಗಸರ ಮುಂದೆ ಹರಡಿ, ಹಾರದ ಹಾಗೆ ಒಂದೊಂದರ ಮೇಲೂ ಒಂದೊಂದು ಜಲ್ಲಿಕಲ್ಲು ಇಟ್ಟಳು. ಅವರಲ್ಲಿ ಹಿರಿಯಳು ಮೊಂಡಕ್ಕ. ಬಾಯಲ್ಲಿ ನಾಲ್ಕು ಹಲ್ಲು, ಮೇಸ್ತ್ರಿಯನ್ನೂ "ಏ ತಮ್ಮ" ಎನ್ನುವವಳು. ಡಬ್ಬಿಯಿಂದ ಕೈ ತೆಗೆಯದೆಯೇ ಬಗ್ಗಿ ನೋಡುತ್ತಿದ್ದವಳು ಆರನೆಯ ಕಾಗದದ ಮೇಲಿನ ಕಲ್ಲನ್ನು ಎತ್ತಿ ಎಸೆದಳು.

"ಇವನು ನನ್ನ ಮೈದುನ."

"ಕೆಳಗಿನ ಕ್ವಾರಿಯವನಾ?"

"ಹೂಂ. ಏನು ಬರೆದಿದೆ ಓದು. ಇದರ ಕೆಳಗೆ ಏನು ಬರೆದಿದೆ?"

ಓದಲು ಬರುತ್ತಿದ್ದವಳೊಬ್ಬಳು ಓದಿದಳು. ಇಂದು ಇವರು ನೆಮ್ಮದಿಯಾಗಿ ಉಸಿರಾಡುತ್ತಿದ್ದಾರೆ.

"ಅವನು ಸತ್ತು ಏಳು ತಿಂಗಳಾಯ್ತು," ಅಂದಳು ಮೊಂಡಕ್ಕ. "ನಾನೇ ತಲೆ ಹಿಡ್ಕೊಂಡಿದ್ದೆ. ಬಾಯಿ ಮೀನಿನ ಹಾಗೆ ಮಾಡ್ತಿದ್ದ. ಯಾವ ನಾಯಿ ಬರೆದಿದ್ದು ಇದನ್ನ?"

ಯಾರೂ ಉಣ್ಣಲಿಲ್ಲ. ಸೈರನ್ ಆಯಿತು. ಎದ್ದು ಬುಟ್ಟಿ ಹೊತ್ತರು.

ಎಂಟನೆಯ ದಿನ ಅಲ್ಲ, ಒಂಬತ್ತನೆಯ ದಿನ ವ್ಯಾನು ಬಂತು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ಅದೇ ಮೂವರು. ಸಾಲುಮನೆಗಳ ಮುಂದಿನ ಓಣಿ ಒಂದು ವ್ಯಾನಿನಷ್ಟೇ ಅಗಲ. ಒಂದು ಪಕ್ಕ ತಗಡಿನ ಗೋಡೆ, ಇನ್ನೊಂದು ಪಕ್ಕ ಕ್ರಷರಿನ ಜಲ್ಲಿಯ ರಾಶಿ. ದೊಡ್ಡಬುಟ್ಟಿ ಆ ದಿನ ಕೆಲಸಕ್ಕೆ ಹೋಗಿರಲಿಲ್ಲ.

"ಅಕ್ಕ! ನೋಡಿ, ಸರ್ವೀಸ್ ಆಗಿ ಬಂತು!" ಎಂದಳು ಮೇಡಂ, ಹಬ್ಬಕ್ಕೆ ಬಂದ ನೆಂಟರ ದನಿಯಲ್ಲಿ.

ಡ್ರೈವರ್ ಮಿಷನ್ನು ಇಳಿಸಿದ. ಅವನ ಬೆನ್ನು ವಾಸಿಯಾಗಿತ್ತು. ಒಳಗೆ ತಂದು, ತಂತಿ ಸಿಕ್ಕಿಸಿದ. ಅದು ಗುಂಯ್ ಎಂದಿತು. ಪೈಪನ್ನು ಕಲ್ಲುಕುಟಿಗನ ಮೂಗಿಗೆ ಇಟ್ಟರು. ಗುರುತು ಗೋಡೆಯ ಕಡೆಗಿತ್ತು. ಅವನು ಕೈ ಚಾಚಿ, ತಡವರಿಸಿ, ಅದನ್ನು ಮುಟ್ಟಿದ. ಯಾರೂ ಗಮನಿಸಲಿಲ್ಲ.

ದೊಡ್ಡಬುಟ್ಟಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಸೀಸದ ಬಣ್ಣದ ತುಟಿ ನಿಧಾನವಾಗಿ ತುಟಿಯ ಬಣ್ಣಕ್ಕೆ ಬಂತು. ಹೆಗಲು ಕೆಳಗಿಳಿಯಿತು. ಕುತ್ತಿಗೆಯ ನರ ಒಳಕ್ಕೆ ಸರಿಯಿತು. ಬಾಯಿ ಮುಚ್ಚಿಕೊಂಡಿತು. ಒಂದು ವರ್ಷದಲ್ಲಿ ಅವನ ಬಾಯಿ ಮುಚ್ಚಿದ್ದನ್ನು ಅವಳು ನೋಡಿರಲಿಲ್ಲ. ಅವಳೊಳಗೆ ಏನೋ ಮೆತ್ತಗಾಯಿತು. ಇವರು ಹೇಳಿದ್ದನ್ನು ಹೇಳಿಬಿಡಲಿ, ಇನ್ನು ಮೂರು ದಿನವಾದರೂ ಮಲಗಲಿ ಎಂದುಕೊಂಡಳು. ಹಾಗಂದುಕೊಂಡದ್ದಕ್ಕೆ ತನ್ನ ಮೇಲೆಯೇ ಕೋಪ ಬಂತು.

ಕ್ಯಾಮೆರಾದವನು ಕಣ್ಣಿಗೆ ಹಿಡಿದ. ಮೇಡಂ ಕಲ್ಲುಕುಟಿಗನ ಎದುರು ಕುಕ್ಕರುಗಾಲಲ್ಲಿ ಕೂತಳು.

"ಅಣ್ಣ, ಒಂದೇ ಮಾತು. ಒಂದು ವರ್ಷದಿಂದ ಈ ಮಿಷನ್ ನನ್ನ ಹತ್ತಿರ ಇದೆ, ಚೆನ್ನಾಗಿ ಉಸಿರಾಡ್ತಾ ಇದೀನಿ ಅನ್ನಿ. ಆಮೇಲೆ ನಗಿ."

"ಮೂರು ದಿನ," ಅಂದ ಕಲ್ಲುಕುಟಿಗ.

"ಇಲ್ಲಣ್ಣ, ಒಂದು ವರ್ಷ ಅನ್ನಿ."

"ಮೂರು ದಿನ."

"ಕಟ್ ಮಾಡು," ಅಂದಳು ಮೇಡಂ ಕ್ಯಾಮೆರಾದವನಿಗೆ. ದನಿಯಲ್ಲಿನ ನೆಂಟಸ್ತಿಕೆ ಇಳಿಯಿತು. "ಅಕ್ಕ, ಇವರಿಗೆ ಸ್ವಲ್ಪ ಹೇಳಿ. ಸಹಕಾರ ಕೊಡ್ಲಿಲ್ಲ ಅಂದ್ರೆ ನಾವೇನು ಮಾಡೋದು? ಮಿಷನ್ ಬೇರೆಯವರಿಗೆ ಹೋಗುತ್ತೆ. ಬೇಕು ಅನ್ನೋರು ಸಾಲಾಗಿ ಕೂತಿದಾರೆ."

"ಅವರಿಗೆಷ್ಟು ದಿನ?" ಕೇಳಿದಳು ದೊಡ್ಡಬುಟ್ಟಿ.

ಮೇಡಂ ಗಂಡಸಿನ ಕಡೆಗೇ ತಿರುಗಿದಳು. "ಕೊನೇ ಸಲ ಕೇಳ್ತೀನಿ ಅಣ್ಣ. ಎಷ್ಟು ಕಾಲದಿಂದ ಇದೆ ನಿಮ್ಮ ಹತ್ತಿರ?"

ಅವನು ಮೇಡಮ್ಮಿನ ಮುಖ ನೋಡಿದ. ಆಮೇಲೆ ಕ್ಯಾಮೆರಾದ ಕಣ್ಣನ್ನು. ಎರಡು ಸಲ ಆಳವಾಗಿ ಉಸಿರು ಎಳೆದುಕೊಂಡ, ದಾರಿಗೆ ಬುತ್ತಿ ಕಟ್ಟಿಕೊಳ್ಳುವವನ ಹಾಗೆ. ಆಮೇಲೆ ಪೈಪನ್ನು ಮೂಗಿನಿಂದ ತೆಗೆದು ಮೇಡಮ್ಮಿನ ಕೈಯಲ್ಲಿ ಇಟ್ಟ.

"ಮೂರು ದಿನ. ಬೆತ್ತಲೆ ಮಾಡಿದ್ರಿ... ಕೂತೆ. ನಗು ಅಂದ್ರಿ... ನಕ್ಕೆ. ಇದು ಹೇಳಲ್ಲ. ತಗೊಂಡು ಹೋಗಿ."

ಡ್ರೈವರ್ ತಂತಿ ಕಿತ್ತ. ಗುಂಯ್ ಎನ್ನುವುದು ನಿಂತಿತು. ಮನೆಯೊಳಗೆ ಈಗ ಇದ್ದದ್ದು ಹಳೆಯ ಸದ್ದೊಂದೇ, ಕಮ್ಮಾರನ ತೂತಾದ ತಿದಿ ಎಳೆದ ಹಾಗೆ. ಡ್ರೈವರ್ ಮಿಷನ್ನನ್ನು ಅಪ್ಪಿ ಹಿಡಿದು ದೊಡ್ಡಬುಟ್ಟಿಯ ಕಡೆ ನೋಡಿದ. ರೂಢಿ.

"ಈ ಸಲ ನೀನೇ ಹೊರು," ಅಂದಳು ಅವಳು. ಬಾಗಿಲು ದಾಟಿ, ಗೋಡೆಗೆ ಕವುಚಿ ಹಾಕಿದ್ದ ಬುಟ್ಟಿಯನ್ನು ಎತ್ತಿಕೊಂಡು ರಾಶಿಯ ಹತ್ತಿರ ಹೋದಳು.

ಅವರು ಮಿಷನ್ನನ್ನು ವ್ಯಾನಿಗೆ ಏರಿಸಿ, ಕ್ಯಾಮೆರಾ ಮಡಚಿ, ಒಳಗೆ ಕೂರುವ ಹೊತ್ತಿಗೆ ಮೊದಲ ಬುಟ್ಟಿ ಮುಂದಿನ ಚಕ್ರದ ಬುಡಕ್ಕೆ ಬಿದ್ದಿತ್ತು. ಡ್ರೈವರಿಗೆ ಏನೆಂದು ತಿಳಿಯಲಿಲ್ಲ. ಗಾಜು ಇಳಿಸಿ, "ಏ ಅಮ್ಮ, ಗಾಡಿ ತೆಗೀಬೇಕು," ಎಂದ. ಎರಡನೆಯ ಬುಟ್ಟಿ ಸುರಿಯಿತು. ಅಷ್ಟರಲ್ಲಿ ಊಟದ ಸೈರನ್ ಆಗಿ ಕ್ರಷರು ನಿಂತಿತು. ಮೇಲಿನಿಂದ ಹೆಂಗಸರು ಇಳಿದು ಬರುತ್ತಿದ್ದರು. ಡಬ್ಬಿಗಳನ್ನು ಮೇಲೆಯೇ ಬಿಟ್ಟು, ಬುಟ್ಟಿಗಳನ್ನು ಮಾತ್ರ ಹಿಡಿದಿದ್ದರು.

ಹನ್ನೆರಡು ಹೆಂಗಸರು. ತುಂಬುವುದು, ಎತ್ತುವುದು, ನಾಲ್ಕು ಹೆಜ್ಜೆ, ಸುರಿಯುವುದು. ದಿನವೆಲ್ಲ ಮಾಡುವ ಕೆಲಸ, ಕೈಗೆ ಬೇರೆ ಬುದ್ಧಿ ಬೇಕಾಗಿರಲಿಲ್ಲ. ಡ್ರೈವರ್ ಎಂಜಿನ್ ಚಾಲೂ ಮಾಡಿದ. ಹಿಂದಕ್ಕೆ ತೆಗೆಯಲು ನೋಡಿದ. ಹಿಂದಿನ ಚಕ್ರದ ಹತ್ತಿರ ಮೊಂಡಕ್ಕ ಜಲ್ಲಿಯ ಮೇಲೆ ಕೂತುಬಿಟ್ಟಿದ್ದಳು.

"ಹತ್ತಿಸೋ ತಮ್ಮ. ಅಚ್ಚು ಹಾಕೋಕೆ ಫೋಟೋ ಆಗುತ್ತೆ. ಮೊದಲು, ಆಮೇಲೆ."

ಚಕ್ರದ ಅರ್ಧ ಮುಳುಗಿತು. ಮೇಡಂ ಬಾಗಿಲು ತೆರೆಯಲು ನೋಡಿದಳು. ಬಾಗಿಲಿಗೂ ಜಲ್ಲಿ ಒತ್ತಿತ್ತು. ಕಿಟಕಿಯಿಂದ ತಲೆ ಹಾಕಿದಳು. ದೂಳಿಗೆ ಕೆಮ್ಮು ಬಂತು. ಕರವಸ್ತ್ರ ಮೂಗಿಗೆ ಹಿಡಿದಳು.

"ಇದು ಗೂಂಡಾಗಿರಿ! ಏನು ಬೇಕು ನಿಮಗೆ?"

ದೊಡ್ಡಬುಟ್ಟಿ ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಕಿಟಕಿಯ ಹತ್ತಿರ ನಿಂತಳು. "ನಿಮ್ಮ ಕೈಯಲ್ಲಿ ಫೋನಿದೆ. ಅದರಲ್ಲಿ ಆ ವೆಬ್‌ಸೈಟಿದೆ. ತೆಗೀರಿ. ನಾನು ಹೇಳ್ತೀನಿ, ನೀವು ಬರೀರಿ. ಕೊಟ್ಟು ಮೂರು ದಿನಕ್ಕೆ ಕಿತ್ಕೊಂಡ್ವಿ ಅಂತ. ಹಸಿರು ತೆಗೀರಿ. ಬೇರೆ ಯಾರಾದರೂ ಕೊಡೋರು ಕೊಡಲಿ."

"ಹಾಗೆಲ್ಲ ಬರೆಯೋಕೆ ನನಗೆ ಅಧಿಕಾರ ಇಲ್ಲ."

"ಕೊಟ್ಟಾಗಿದೆ ಅಂತ ಬರೆಯೋಕೆ ಇತ್ತಲ್ಲ?"

"ಅರ್ಥ ಮಾಡ್ಕೊಳ್ಳಿ ಅಕ್ಕ. ನನಗೂ ಮೇಲಿನವರಿದಾರೆ."

"ನಮಗೆಲ್ಲ ಮೇಲಿರೋದು ಈ ಬುಟ್ಟಿ ಒಂದೇ," ಅಂದು ಅದನ್ನು ಬಾಗಿಲ ಬುಡಕ್ಕೆ ಸುರಿದಳು.

ಒಳಗಿನಿಂದ ಗಂಡನ ತಿದಿಯ ಸದ್ದು ಓಣಿಗೂ ಕೇಳುತ್ತಿತ್ತು. ಒಂದೊಂದು ಬುಟ್ಟಿಗೂ ಅವಳು ಕಿವಿಯನ್ನು ಅಲ್ಲೇ ಇಟ್ಟಿದ್ದಳು. ಸದ್ದು ಇದೆ. ಇನ್ನೂ ಇದೆ. ಮೇಸ್ತ್ರಿ ಮೇಲಿನಿಂದ ಕೂಗುತ್ತಿದ್ದ, ಅರ್ಧ ದಿನದ ಕೂಲಿ ಕಟ್ ಎಂದು. ಯಾರೂ ತಿರುಗಲಿಲ್ಲ.

ಮೇಡಂ ಫೋನಿನಲ್ಲಿ ಯಾರೊಂದಿಗೋ ಮಾತಾಡಿದಳು. ಮೊದಲು ಜೋರಾಗಿ, ಆಮೇಲೆ ಮೆತ್ತಗೆ. "ಹೌದು ಸಾರ್... ಅಚ್ಚು ಹಾಕಿಸಿದಾರೆ ಸಾರ್, ಹನ್ನೊಂದೂ... ಇಲ್ಲ ಸಾರ್, ತಿದ್ದಬೇಕಂತೆ... ಸರಿ ಸಾರ್. ಅದು ಬೇಡ, ಇದೇ ಮಾಡ್ತೀನಿ." ಫೋನು ಇಟ್ಟು ಡ್ರೈವರಿಗೆ ಏನೋ ಹೇಳಿದಳು. ಅವನು ಕಿಟಕಿಯಿಂದ ತೂರಿ ಇಳಿದು, ಹಿಂದಿನ ಬಾಗಿಲ ಮುಂದಿನ ಜಲ್ಲಿಯನ್ನು ಕೈಯಿಂದ ಬಾಚಿ, ಮಿಷನ್ನನ್ನು ಹೊರಗೆಳೆದ. ಹೆಂಗಸರು ದಾರಿ ಬಿಟ್ಟರು. ಜಲ್ಲಿಯ ಮೇಲೆ ಜಾರುತ್ತ, ಬೈದುಕೊಳ್ಳುತ್ತ ಒಳಗೆ ಹೊತ್ತ. ತಂತಿ ಸಿಕ್ಕಿಸಿದ. ಗುಂಯ್ ಎಂದಿತು. ತಿದಿಯ ಸದ್ದು ಸಣ್ಣಗಾಗುತ್ತ ಹೋಗಿ, ನಿಂತಿತು.

ದೊಡ್ಡಬುಟ್ಟಿ ಬಾಗಿಲಲ್ಲಿ ಇಣುಕಿದಳು. ಅವನು ಕಣ್ಣು ಮುಚ್ಚಿ ಕೂತಿದ್ದ. ಎದೆ ನೆಟ್ಟಗೆ ಏರಿಳಿಯುತ್ತಿತ್ತು. ಅವಳು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು. ಚೌಕಟ್ಟು ಹಿಡಿದುಕೊಂಡಳು.

"ಆಯ್ತಲ್ಲ ಅಕ್ಕ," ಎಂದಳು ಮೇಡಂ ಕಿಟಕಿಯಿಂದ. ನಗುವನ್ನು ಮತ್ತೆ ಹಚ್ಚಿಕೊಂಡಿದ್ದಳು. "ಮಿಷನ್ ನಿಮ್ಮದೇ. ಇನ್ನು ಯಾರೂ ಕೇಳಲ್ಲ. ನಾನು ಮಾತು ಕೊಡ್ತೀನಿ, ಬೇಕಿದ್ರೆ ಕಾಗದದಲ್ಲಿ ಬರ್ಕೊಡ್ತೀನಿ. ಇವರಿಗೆ ಹೇಳಿ, ಕಲ್ಲು ಸರಿಸಲಿ."

"ಆ ವೆಬ್‌ಸೈಟಲ್ಲಿ?"

"ಅದರಲ್ಲಿ ಬರೆಯೋಕೆ ಏನಿದೆ? ಕೊಟ್ಟಾಗಿದೆ ಅಂತ ಇದೆ. ಈಗ ನಿಜವಾಗ್ಲೂ ಕೊಟ್ಟಾಯ್ತಲ್ಲ."

ದೊಡ್ಡಬುಟ್ಟಿಗೆ ಆಗ ತಿಳಿಯಿತು. ಒಂದು ಮಿಷನ್ನನ್ನು ಬಿಟ್ಟುಕೊಡಲು ಇವರಿಗೆ ಕಷ್ಟವಿರಲಿಲ್ಲ. ಯಾವತ್ತೂ ಇರಲಿಲ್ಲ. ವೆಬ್‌ಸೈಟಿನ ಒಂದು ಸಾಲನ್ನು ಬಿಟ್ಟುಕೊಡಲು ಆಗುತ್ತಿರಲಿಲ್ಲ.

"ಉಳಿದ ಹತ್ತು ಮನೆದು?"

"ಅವರ ವಿಷಯ ನಿಮಗ್ಯಾಕೆ? ನಿಮ್ಮದು ಆಯ್ತಲ್ಲ."

ಹನ್ನೆರಡು ಹೆಂಗಸರೂ ಅವಳನ್ನೇ ನೋಡುತ್ತಿದ್ದರು. ಹಿಂದಿನ ಚಕ್ರದ ಹತ್ತಿರ ಕೂತಿದ್ದ ಮೊಂಡಕ್ಕ ತಲೆ ತಗ್ಗಿಸಿ ಜಲ್ಲಿಯೊಂದನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. ಅವಳು ಏನೂ ಕೇಳಲಿಲ್ಲ. ಸತ್ತವನಿಗೆ ಮಿಷನ್ನು ಕೇಳಿ ಏನು ಮಾಡಬೇಕು. ಸಾಕು ಎಂದು ದೊಡ್ಡಬುಟ್ಟಿ ಒಂದು ಮಾತು ಅಂದಿದ್ದರೆ ಎಲ್ಲರೂ ಕಲ್ಲು ಸರಿಸುತ್ತಿದ್ದರು. ಅವಳನ್ನು ದೂರುತ್ತಲೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಸಾಕು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವಳು ಒಳಗೆ ನೋಡಿದಳು.

ಕಲ್ಲುಕುಟಿಗ ಕಣ್ಣು ತೆರೆದಿದ್ದ. ಪೈಪು ಮೂಗಿನಲ್ಲೇ ಇತ್ತು. ಮುಖಕ್ಕೆ ರಕ್ತ ಬಂದಿತ್ತು, ಅದರ ಜೊತೆಗೆ ಸಿಟ್ಟೂ ಬಂದಿತ್ತು; ಇಷ್ಟು ದಿನ ಸಿಟ್ಟಾಗಲು ಅವನಲ್ಲಿ ಗಾಳಿಯಿರಲಿಲ್ಲ.

"ನನ್ನ ಮುಖ ನೋಡ್ಕೊಂಡು ಯಾಕೆ ನಿಂತಿದೀಯ?" ಅಂದ. ಒಂದೂ ತುಂಡಾಗದ ಮಾತು. "ನಿನ್ನ ಬುಟ್ಟಿ ಖಾಲಿ ಇದೆ. ಹೋಗು, ಸುರಿ."

ಅವಳು ತಿರುಗಿದಳು. ಮೇಡಂ ಇನ್ನೂ ಏನೋ ಹೇಳುತ್ತಿದ್ದಳು. ದೊಡ್ಡಬುಟ್ಟಿ ರಾಶಿಯ ಮುಂದೆ ಬಗ್ಗಿ ಎರಡೂ ಕೈಯಲ್ಲಿ ಬಾಚಿ ತುಂಬತೊಡಗಿದಳು. ಪಕ್ಕದಲ್ಲಿ ಇನ್ನೊಂದು ಬುಟ್ಟಿ ನೆಲಕ್ಕೆ ತಾಗಿತು, ಆಮೇಲೆ ಮತ್ತೊಂದು.

"ಬರೆಯೋ ತನಕ," ಅಂದಳು. "ಹತ್ತೂ ಮನೆದು."